ಪಂಡಿತನ ಪಾತ್ರ ಎರಡನೇ ರೌಂಡಿಗೇ ನೆಲಕ್ಕೆ ಬೀಳುತ್ತೆ, ಹೇಗೆ ಆಡಿಸೋದು?

ಕೆರೆದಂಡೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಟೇಬಲ್, ದಾಳ ಉರುಳಿಸಿ ಪಾತ್ರ ಆಡಿಸೋ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ, 5ನೇ ಆವೃತ್ತಿ, 2014ರ ನಿಯಮ. ಡಿಎಂ (ಆಟ ನಡೆಸೋರು) ಕಟ್ಟಿರೋ ಲೋಕ ಪಾಳೇಗಾರರ ಕಾಲದ ಚಿತ್ರದುರ್ಗದ ಮಾದರಿಯದು: ಏಳು ಸುತ್ತಿನ ಕೋಟೆ, ಗವಿ, ಹೊಂಡ, ಯಾರಿಗೂ ಓದಕ್ಕೆ ಬಾರದ ಶಾಸನಗಳು. ನನ್ನ ಪಾತ್ರ ಮಠದಲ್ಲಿ ಓದಿದ ಶಾಸನ ಪಂಡಿತ. ಕ್ಲಾಸ್ ವಿಜರ್ಡ್ (ಪುಸ್ತಕ ಓದಿ ಮಂತ್ರ ಹಾಕೋನು), 3ನೇ ಲೆವೆಲ್. ಇಂಟೆಲಿಜೆನ್ಸ್ 16, ಡೆಕ್ಸ್ಟೆರಿಟಿ 14, ಕಾನ್ಸ್ಟಿಟ್ಯೂಶನ್ 10. ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೀತಾನೆ) 14, ಆರ್ಮರ್ ಕ್ಲಾಸ್ (ಏಟು ತಾಗಲು ದಾಳದ ಒಟ್ಟು ಮುಟ್ಟಬೇಕಾದ ಸಂಖ್ಯೆ) 12.

ಪುಸ್ತಕದಲ್ಲಿರೋ ಹತ್ತು ಸ್ಪೆಲ್ (ಮಂತ್ರ): ಬರ್ನಿಂಗ್ ಹ್ಯಾಂಡ್ಸ್, ಥಂಡರ್‌ವೇವ್, ವಿಚ್ ಬೋಲ್ಟ್, ಮ್ಯಾಜಿಕ್ ಮಿಸೈಲ್, ಕ್ರೊಮ್ಯಾಟಿಕ್ ಆರ್ಬ್, ಶೀಲ್ಡ್, ಡಿಟೆಕ್ಟ್ ಮ್ಯಾಜಿಕ್, ಕಾಂಪ್ರಿಹೆಂಡ್ ಲ್ಯಾಂಗ್ವೇಜಸ್, ಸ್ಕಾರ್ಚಿಂಗ್ ರೇ, ಶ್ಯಾಟರ್.

ಹೊಡೆದಾಟ ಶುರುವಾದರೆ ಎರಡನೇ ರೌಂಡಿಗೆ ಪಾತ್ರ ಬಿದ್ದಿರುತ್ತೆ, ಮೂರನೇ ರೌಂಡಲ್ಲಿ ಕ್ಲೆರಿಕ್ (ಗಾಯ ವಾಸಿ ಮಾಡೋ ಪಾತ್ರ) ತನ್ನ ಟರ್ನ್ ಬಿಟ್ಟು ಎಬ್ಬಿಸಬೇಕು. ಹೊಡೆದಾಟ ಇಲ್ಲದ ಕಡೆನೂ ಸಮಸ್ಯೆ ಇದೆ. ಶಾಸನ ಕಂಡಾಗ ಹಿಸ್ಟರಿ ರೋಲ್ ಮಾಡು (ಇತಿಹಾಸದ ಜ್ಞಾನಕ್ಕೆ ದಾಳ ಹಾಕು) ಅಂತಾರೆ, ದಾಳದಲ್ಲಿ 4 ಬಿದ್ದರೆ ಪಂಡಿತನಿಗೇ ಏನೂ ಗೊತ್ತಿಲ್ಲ ಅಂತ ಆಗುತ್ತೆ. ಕತ್ತಿ ಹಿಡಿಯೋ ಮಾಂತ್ರಿಕನಾಗಿ ಬದಲಾಯಿಸೋ ಮನಸ್ಸಿಲ್ಲ, ಅವನು ಪಂಡಿತನಾಗೇ ಉಳಿಯಬೇಕು. ಯಾವ ಸ್ಪೆಲ್ ಇಟ್ಟುಕೊಳ್ಳಬೇಕು, ಎಲ್ಲಿ ನಿಲ್ಲಬೇಕು, ಅವನ ಓದು ಆಟದಲ್ಲಿ ಕೆಲಸಕ್ಕೆ ಬರೋ ಹಾಗೆ ಏನು ಮಾಡಬೇಕು?


ದುರ್ಗದ ಡಿಎಂ, ಚಿತ್ರದುರ್ಗ

ಪಾತ್ರ ಸರಿಯಾಗೇ ಇದೆ, ಸ್ಪೆಲ್ ಪಟ್ಟಿ ಅದಕ್ಕೆ ಒಪ್ಪಲ್ಲ. ಒಂದೊಂದರ ದೂರ ನೋಡಿ. ಬರ್ನಿಂಗ್ ಹ್ಯಾಂಡ್ಸ್ 15 ಅಡಿ, ಥಂಡರ್‌ವೇವ್ 15 ಅಡಿ, ವಿಚ್ ಬೋಲ್ಟ್ 30 ಅಡಿ. 14 ಹಿಟ್ ಪಾಯಿಂಟ್ ಇರೋ ಮನುಷ್ಯನನ್ನ ಈ ಮೂರೂ ಶತ್ರುವಿನ ಮುಂದಕ್ಕೆ ಎಳೆದುಕೊಂಡು ಹೋಗ್ತವೆ. ವಿಚ್ ಬೋಲ್ಟ್ ಅಂತೂ ಕಾನ್ಸಂಟ್ರೇಶನ್ (ಸ್ಪೆಲ್ ಉಳಿಯಲು ಗಮನ ಹಿಡಿದಿರೋದು) ಬೇರೆ ಕೇಳುತ್ತೆ, ಶತ್ರು 30 ಅಡಿ ದಾಟಿದ ಕೂಡಲೇ ಕಡಿದು ಹೋಗುತ್ತೆ. ನೀವು ಬೀಳ್ತಿರೋದು ಪಾತ್ರ ದುರ್ಬಲ ಅಂತಲ್ಲ, ಫೈಟರ್ (ಮುಂದೆ ನಿಂತು ಹೊಡೆಯೋ ಪಾತ್ರ) ನಿಲ್ಲೋ ಜಾಗದಲ್ಲಿ ನೀವು ನಿಂತಿದ್ದೀರಿ.

ಮೊದಲು ಮೇಜ್ ಆರ್ಮರ್ ಸಂಪಾದಿಸಿ. 1ನೇ ಲೆವೆಲ್ ಸ್ಲಾಟ್ (ದಿನಕ್ಕೆ ಇಷ್ಟೇ ಅಂತ ಇರೋ ಸ್ಪೆಲ್ ಹಾಕೋ ಅವಕಾಶ) ಒಂದು ಹೋಗುತ್ತೆ, 8 ಗಂಟೆ ಇರುತ್ತೆ, ಕಾನ್ಸಂಟ್ರೇಶನ್ ಬೇಡ. ಆರ್ಮರ್ ಕ್ಲಾಸ್ 13ಕ್ಕೆ ನಿಮ್ಮ ಡೆಕ್ಸ್ಟೆರಿಟಿಯ 2 ಸೇರಿ 15. ಗಾಬ್ಲಿನ್ (ಚಿಕ್ಕ ರಾಕ್ಷಸ) 20 ಮುಖದ ದಾಳಕ್ಕೆ 4 ಕೂಡಿಸಿ ಹೊಡೆಯುತ್ತೆ. ನಿಮಗೆ 12 ಇದ್ದಾಗ ನೂರಕ್ಕೆ 65 ಏಟು ತಾಗ್ತವೆ, 15 ಆದರೆ 50, ಆ ಕ್ಷಣಕ್ಕೆ ಶೀಲ್ಡ್ ಹಾಕಿ 20 ಮಾಡಿದರೆ 25. ಶೀಲ್ಡ್ ವಿಷಯದಲ್ಲಿ ಹೊಸಬರು ಸ್ಲಾಟ್ ಹಾಳು ಮಾಡೋದು ಒಂದೇ ಕಡೆ: ಏಟಿನ ಒಟ್ಟು 20 ಅಥವಾ ಮೇಲೆ ಬಂದಿದ್ದರೂ ಹಾಕಿಬಿಡ್ತಾರೆ, ಆಗ 5 ಕೂಡಿಸಿದರೂ ಏಟು ತಾಗೇ ತಾಗುತ್ತೆ. ಏಟಿನ ಒಟ್ಟು ಸಂಖ್ಯೆ ಬಾಯಿಬಿಟ್ಟು ಹೇಳ್ತೀರಾ ಅಂತ ಡಿಎಂ ಹತ್ರ ಆಟಕ್ಕೆ ಮುಂಚೆ ಕೇಳಿಕೊಳ್ಳಿ. ಹೇಳಿದರೆ ಶೀಲ್ಡ್‌ನ ಬೆಲೆ ದುಪ್ಪಟ್ಟು.

2014ರ ನಿಯಮದಲ್ಲಿ ಪುಸ್ತಕದಲ್ಲಿ ಬರೆದ ಸ್ಪೆಲ್ ಅಳಿಸಿ ಬೇರೆ ಬರೆಯೋ ಹಾಗಿಲ್ಲ. ಆದರೆ ವಿಜರ್ಡ್ ಬೇರೆ ಪುಸ್ತಕದಿಂದ ನಕಲು ಮಾಡಬಹುದು: ಸ್ಪೆಲ್‌ನ ಪ್ರತಿ ಲೆವೆಲ್‌ಗೆ 2 ಗಂಟೆ, 50 ಚಿನ್ನದ ನಾಣ್ಯ. ನಿಮಗೆ ಬೇಕಾದ್ದು ಮೇಜ್ ಆರ್ಮರ್, ಸ್ಲೀಪ್, ಫೈಂಡ್ ಫೆಮಿಲಿಯರ್ (ಜೊತೆಗಿರೋ ಪುಟ್ಟ ಪ್ರಾಣಿ ಕರೆಯೋ ಸ್ಪೆಲ್), ಆಮೇಲೆ 2ನೇ ಲೆವೆಲ್‌ನ ವೆಬ್. ಒಟ್ಟು 250 ನಾಣ್ಯ, 10 ಗಂಟೆ. ನಿಮ್ಮ ಲೋಕದಲ್ಲಿ ಮಠದ ಭಂಡಾರದಲ್ಲಿ ಓಲೆಗರಿ ಕಟ್ಟು ಇರೋದು ಸಹಜವೇ, ಅದನ್ನ ಹುಡುಕೋದೇ ಒಂದು ಆಟ ಆಗಲಿ ಅಂತ ಡಿಎಂಗೆ ಹೇಳಿ. ಬಿಡಿ ಸ್ಕ್ರೋಲ್‌ನಿಂದ ನಕಲು ಮಾಡೋದು ಬೇರೆ ಲೆಕ್ಕ, 10ಕ್ಕೆ ಸ್ಪೆಲ್ ಲೆವೆಲ್ ಕೂಡಿಸಿದ ಗುರಿಗೆ ಆರ್ಕಾನಾ (ಮಂತ್ರವಿದ್ಯೆ) ರೋಲ್ ಮಾಡಬೇಕು, ಗೆದ್ದರೂ ಸೋತರೂ ಸ್ಕ್ರೋಲ್ ಹೋಗುತ್ತೆ. ನಾಣ್ಯ ಸಾಲದಿದ್ದರೆ ಮೇಜ್ ಆರ್ಮರ್, ಫೈಂಡ್ ಫೆಮಿಲಿಯರ್ ಎರಡನ್ನ ಮೊದಲು ಮಾಡಿಕೊಳ್ಳಿ. 4ನೇ ಲೆವೆಲ್‌ಗೆ ಪುಕ್ಕಟೆ ಸಿಗೋ ಎರಡರಲ್ಲಿ ವೆಬ್ ತಗೊಂಡರಾಯ್ತು.

ಸ್ಲೀಪ್‌ಗೆ 5ಡಿ8 (8 ಮುಖದ ಐದು ದಾಳ) ಉರುಳಿಸಬೇಕು, ಸರಾಸರಿ 22 ಚಿಲ್ಲರೆ. ಕಡಿಮೆ ಹಿಟ್ ಪಾಯಿಂಟ್ ಉಳಿದವರಿಂದ ಶುರುವಾಗಿ ಮೇಲಕ್ಕೆ ಹೋಗುತ್ತೆ, ಸೇವ್ (ತಪ್ಪಿಸಿಕೊಳ್ಳೋಕೆ ಹಾಕೋ ದಾಳ) ಇಲ್ಲ. ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್, ಅಂದರೆ ಮೂರು ಮಲಗ್ತವೆ. ಎರಡು ಕಡೆ ಕೆಡುತ್ತೆ. ಹೊಡೆದಾಟದ ಮೊದಲಲ್ಲೇ ದೊಡ್ಡ ಶತ್ರುವಿನ ಮೇಲೆ ಹಾಕೋದು ದಂಡ, 59 ಹಿಟ್ ಪಾಯಿಂಟ್‌ನ ಓಗರ್‌ಗೆ ಅದು ತಾಕೋದೇ ಇಲ್ಲ. ಅದನ್ನ ಗೆಳೆಯರು 20ಕ್ಕೆ ಇಳಿಸಿದ ಮೇಲೆ ಹಾಕಿ. ಇನ್ನೊಂದು, 20 ಅಡಿ ತ್ರಿಜ್ಯದೊಳಗೆ ಪೆಟ್ಟು ತಿಂದ ನಿಮ್ಮವರೇ ಇದ್ದರೆ ಮೊದಲು ಮಲಗೋದು ಅವರೇ. ಅನ್‌ಡೆಡ್‌ಗಳ (ಸತ್ತು ಎದ್ದವರ) ಮೇಲೆ ಇದು ನಡೆಯಲ್ಲ.

ನಿಮ್ಮ ಡಿಎಂ ಆರಿಸಿಕೊಂಡಿರೋ ಜಾಗದಲ್ಲಿ ನಿಮಗೆ ತುಂಬ ಅನುಕೂಲ ಇದೆ. ಒನಕೆ ಓಬವ್ವನ ಕಿಂಡಿ ನೆನಪಿಸಿಕೊಳ್ಳಿ, ಒಬ್ಬೊಬ್ಬನೇ ತೂರಿ ಬರಬೇಕಾದ ಸಂದಿ. ಈ ಆಟದಲ್ಲಿ ಅದಕ್ಕೆ ಸರಿಯಾದ ನಿಯಮವೇ ಇದೆ, ಸ್ಕ್ವೀಜಿಂಗ್ ಅಂತ. ತನ್ನ ಅಳತೆಗಿಂತ ಒಂದು ಅಳತೆ ಚಿಕ್ಕ ಸಂದಿಯಲ್ಲಿ ತೂರೋನಿಗೆ ಪ್ರತಿ ಅಡಿಗೆ ಇನ್ನೊಂದು ಅಡಿ ಖರ್ಚು, ಅವನ ಏಟಿಗೂ ಡೆಕ್ಸ್ಟೆರಿಟಿ ಸೇವ್‌ಗೂ ಡಿಸಡ್ವಾಂಟೇಜ್ (ಎರಡು ದಾಳ ಹಾಕಿ ಚಿಕ್ಕದು ಲೆಕ್ಕ), ಅವನಿಗೆ ಹೊಡೆಯೋರಿಗೆ ಅಡ್ವಾಂಟೇಜ್ (ದೊಡ್ಡದು ಲೆಕ್ಕ). ಗ್ರೀಸ್ (ನೆಲ ಜಾರಿಸೋ ಸ್ಪೆಲ್) ನಿಮ್ಮ ಪುಸ್ತಕದಲ್ಲಿಲ್ಲ, ಸಿಕ್ಕಿದರೆ ಕಿಂಡಿಯ ಬಾಯಲ್ಲಿ ಹಾಕಿ: 10 ಅಡಿ ಚೌಕ, ಒಂದು ನಿಮಿಷ, ಕಾನ್ಸಂಟ್ರೇಶನ್ ಬೇಡ. ತೂರಿ ಬರೋನು ಸೇವ್ ಅನ್ನ ಡಿಸಡ್ವಾಂಟೇಜ್‌ನಲ್ಲಿ ಮಾಡಬೇಕು, ಬಿದ್ದರೆ ಈಚೆ ನಿಂತ ಫೈಟರ್ ಹೊಡೀತಾನೆ. ನೀವು ಒಂದೇ ಒಂದು ಪಾಯಿಂಟ್ ಡ್ಯಾಮೇಜ್ ಮಾಡದೆ ಇಡೀ ಹೊಡೆದಾಟ ತೀರ್ಮಾನ ಆಗುತ್ತೆ.

ವೆಬ್ 20 ಅಡಿ ಘನ, 60 ಅಡಿ ದೂರದಿಂದ. ಎರಡು ಗೋಡೆ ನಡುವೆ ಕಟ್ಟಿದರೆ ಪೂರ್ತಿ ಎತ್ತರ ನಿಲ್ಲುತ್ತೆ, ಬಯಲಲ್ಲಿ ನೆಲದ ಮೇಲೆ ಹಾಸಿದರೆ ಬರೀ 5 ಅಡಿ. ಕೋಟೆಯ ಬಾಗಿಲುಗಳು ನೇರ ಒಳಗೆ ಬಿಡದೆ ತಿರುವು ಕೊಟ್ಟಿರ್ತವಲ್ಲ, ಆ ತಿರುವುಗಳೇ ವೆಬ್‌ನ ಜಾಗ. ಸಿಕ್ಕಿಬಿದ್ದವನು ರಿಸ್ಟ್ರೇನ್ಡ್: ನಡೆಯಕ್ಕಾಗಲ್ಲ, ಅವನ ಏಟಿಗೆ ಡಿಸಡ್ವಾಂಟೇಜ್, ಅವನಿಗೆ ಬೀಳೋ ಏಟಿಗೆ ಅಡ್ವಾಂಟೇಜ್. ಬೆಂಕಿ ತಾಗಿದರೆ 5 ಅಡಿ ತುಂಡು ಒಂದು ರೌಂಡಲ್ಲಿ ಸುಟ್ಟು ಹೋಗುತ್ತೆ, ಆ ಬೆಂಕಿಯಲ್ಲಿ ಟರ್ನ್ ಶುರು ಮಾಡೋನಿಗೆ 2ಡಿ4. ನಿಮ್ಮ ಪಾರ್ಟಿಯಲ್ಲಿ (ತಂಡದಲ್ಲಿ) ಪಂಜು ಹಿಡಿದವನಿಗೆ ಮೊದಲೇ ಹೇಳಿಡಿ.

ವೆಬ್‌ಗೆ ಕಾನ್ಸಂಟ್ರೇಶನ್ ಬೇಕು. ಕಾನ್ಸ್ಟಿಟ್ಯೂಶನ್ 10 ಅಂದರೆ ಪೆಟ್ಟು ಬಿದ್ದಾಗ ಕಾನ್ಸಂಟ್ರೇಶನ್ ಉಳಿಸಿಕೊಳ್ಳೋ ಸೇವ್‌ಗೆ ಕೂಡಿಸಕ್ಕೆ ಏನೂ ಇಲ್ಲ. ಗುರಿ 10 ಅಥವಾ ಪೆಟ್ಟಿನ ಅರ್ಧ, ಯಾವುದು ದೊಡ್ಡದೋ ಅದು. 10ಕ್ಕೆ ನಿಮ್ಮ ಸಾಧ್ಯತೆ ನೂರಕ್ಕೆ 55. ಟೇಬಲ್‌ನಲ್ಲಿ ಫೀಟ್‌ಗೆ (ವಿಶೇಷ ಸಾಮರ್ಥ್ಯಕ್ಕೆ) ಅನುಮತಿ ಇದ್ದರೆ 4ನೇ ಲೆವೆಲ್‌ಗೆ ವಾರ್ ಕಾಸ್ಟರ್ ತಗೊಳ್ಳಿ, ಅಡ್ವಾಂಟೇಜ್ ಸಿಕ್ಕಿ ಸುಮಾರು 80 ಆಗುತ್ತೆ. ಇಂಟೆಲಿಜೆನ್ಸ್ 18 ಮಾಡಿದರೆ ನಿಮ್ಮ ಸ್ಪೆಲ್‌ಗೆ ಶತ್ರು ಮುಟ್ಟಬೇಕಾದ ಸೇವ್ ಗುರಿ 13ರಿಂದ 14ಕ್ಕೆ ಏರುತ್ತೆ, ಅದೂ ಒಳ್ಳೇದೇ, ಆದರೆ ವೆಬ್ ನಂಬಿಕೊಂಡ ಪಾತ್ರಕ್ಕೆ ನಾನು ವಾರ್ ಕಾಸ್ಟರ್ ಅನ್ನೇ ಹೇಳ್ತೀನಿ.

ಇನ್ನು ನಿಲ್ಲೋ ಜಾಗ. ಸಾಲಿನಲ್ಲಿ ನಡೆಯುವಾಗ ಐದರಲ್ಲಿ ಮೂರನೆಯವರಾಗಿ. ಕೊನೇಲಿದ್ದರೆ ಹಿಂದಿನಿಂದ ಬೀಳೋ ಹೊಂಚು ನಿಮ್ಮ ಮೇಲೇ. ಹೊಡೆದಾಟದಲ್ಲಿ ಕಂಬದ ಹಿಂದಿರಿ, 15 ಅಡಿ ಹೊರಗೆ ಬಂದು ಸ್ಪೆಲ್ ಹಾಕಿ ಉಳಿದ 15 ಅಡಿಯಲ್ಲಿ ವಾಪಸ್ ಹೋಗಿ. ಅರ್ಧ ಮರೆಗೆ ಆರ್ಮರ್ ಕ್ಲಾಸ್ 2, ಮುಕ್ಕಾಲು ಮರೆಗೆ 5 ಹೆಚ್ಚು, ಪೂರ್ತಿ ಮರೆಯಾದರೆ ಗುರಿ ಇಡೋಕೇ ಆಗಲ್ಲ. ಶತ್ರು ಪಕ್ಕಕ್ಕೆ ಬಂದುಬಿಟ್ಟರೆ ಸ್ಕಾರ್ಚಿಂಗ್ ರೇ, ಕ್ರೊಮ್ಯಾಟಿಕ್ ಆರ್ಬ್ ಥರ ದಾಳ ಹೊಡೆಯೋ ಸ್ಪೆಲ್‌ಗೆ ಡಿಸಡ್ವಾಂಟೇಜ್ ಬರುತ್ತೆ. ಮ್ಯಾಜಿಕ್ ಮಿಸೈಲ್‌ಗೆ ಆ ಕಾಟ ಇಲ್ಲ, ಅದೊಂದನ್ನ ಯಾವಾಗಲೂ ಪ್ರಿಪೇರ್ ಮಾಡಿ (ಆ ದಿನದ ಪಟ್ಟಿಯಲ್ಲಿ ಇಟ್ಟುಕೊಳ್ಳಿ).


ಓಲೆಗರಿ, ಚಳ್ಳಕೆರೆ

ಹೊಡೆದಾಟದ ಮಾತು ದುರ್ಗದ ಡಿಎಂ ಅಣ್ಣ ಪೂರ್ತಿ ಹೇಳಿದ್ದಾರೆ. ನಾನು ಓದಿನ ಕಡೆ ಬರ್ತೀನಿ, ಪಂಡಿತನ ಪಾತ್ರದ ಜೀವ ಇರೋದು ಅಲ್ಲಿ.

4 ಬಿದ್ದರೆ ಏನೂ ಗೊತ್ತಿಲ್ಲ ಅನ್ನೋದು ಡಿಎಂ ಸರಿಮಾಡಬೇಕಾದ ವಿಷಯ, ನಿಯಮದಲ್ಲೇ ದಾರಿ ಇದೆ. ಪ್ಯಾಸಿವ್ ಸ್ಕೋರ್ (ದಾಳ ಹಾಕದೆ 10 ಬಿತ್ತು ಅಂತ ಹಿಡಿಯೋ ಲೆಕ್ಕ) ಅನ್ನೋದು ಪರ್ಸೆಪ್ಷನ್‌ಗೆ ಮಾತ್ರ ಅಲ್ಲ. ಹಿಸ್ಟರಿಯಲ್ಲಿ ನಿಮಗೆ ಪ್ರೊಫಿಶಿಯೆನ್ಸಿ (ಪರಿಣತಿ) ಇದ್ದರೆ 10, ಇಂಟೆಲಿಜೆನ್ಸ್‌ನ 3, ಪರಿಣತಿಯ 2 ಕೂಡಿ 15. ಗುರಿ 15ರವರೆಗಿನ ವಿಷಯ ದಾಳ ಮುಟ್ಟದೆ ಗೊತ್ತು ಅಂತ ಮಾಡಿಕೊಳ್ಳಿ, ಅದಕ್ಕಿಂತ ಆಳದ್ದಕ್ಕೆ ಮಾತ್ರ ರೋಲ್. ಆಗ ದಾಳ ಹೇಳೋದು ಪಂಡಿತನಿಗೆ ಎಷ್ಟು ಹೆಚ್ಚು ಗೊತ್ತು ಅಂತ, ಅವನು ಪಂಡಿತ ಹೌದೋ ಅಲ್ಲವೋ ಅಂತ ಅಲ್ಲ. ಕಥೆ ಮುಂದೆ ಹೋಗಲು ಬೇಕೇ ಬೇಕಾದ ಸುಳಿವನ್ನ ಯಾವ ಡಿಎಂ ಕೂಡ ಒಂದು ರೋಲ್ ಹಿಂದೆ ಬಚ್ಚಿಡಬಾರದು. ಗಮ್‌ಶೂ ಅನ್ನೋ ತನಿಖೆಯ ಆಟಗಳು ಇದನ್ನ ನಿಯಮವನ್ನಾಗೇ ಮಾಡಿಕೊಂಡಿವೆ: ಸರಿಯಾದ ವಿದ್ಯೆ ಇದ್ದವನು ಸರಿಯಾದ ಜಾಗದಲ್ಲಿ ನೋಡಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತೆ.

ನಿಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. “ನನಗೇನು ಗೊತ್ತು?” ಅಂತ ಕೇಳಬೇಡಿ, ಆ ಪ್ರಶ್ನೆಗೆ ಡಿಎಂ ಇತಿಹಾಸದ ಪಾಠ ಒಪ್ಪಿಸ್ತಾರೆ, ಟೇಬಲ್ ಆಕಳಿಸುತ್ತೆ. ತಕ್ಷಣ ಕೆಲಸಕ್ಕೆ ಬರೋ ಹಾಗೆ ಕೇಳಿ. ಇದು ಯಾವ ಏಟಿಗೆ ಹೆಚ್ಚು ಪೆಟ್ಟು ತಿನ್ನುತ್ತೆ? ಈ ಬಾಗಿಲು ಮಾಡಿದವರು ತಾವು ಹೊರಗೆ ಹೋಗಲು ಯಾವ ದಾರಿ ಇಟ್ಟುಕೊಂಡಿದ್ದರು? ಅಸ್ಥಿಪಂಜರ ಬಂತು ಅಂದುಕೊಳ್ಳಿ, 13 ಹಿಟ್ ಪಾಯಿಂಟ್. ಜಜ್ಜೋ ಏಟು ಅದಕ್ಕೆ ಎರಡು ಪಟ್ಟು. ಕತ್ತಿಯಲ್ಲಿ 1ಡಿ8 ಮತ್ತು 3 ಹೊಡೆಯೋ ಫೈಟರ್‌ಗೆ ಸರಾಸರಿ 7.5, ಎರಡು ಏಟು ಬೇಕು. ಗದೆ ತಗೊಂಡರೆ 1ಡಿ6 ಮತ್ತು 3, ಸರಾಸರಿ 6.5, ಎರಡು ಪಟ್ಟು ಅಂದರೆ 13. ಅರ್ಧಕ್ಕರ್ಧ ಸಲ ಒಂದೇ ಏಟಿಗೆ ಕೆಲಸ ಮುಗೀತು. “ಕತ್ತಿ ಬಿಡು, ಗದೆ ಹಿಡಿ” ಅಂತ ನೀವು ಹೇಳಿದ ಒಂದು ಮಾತಿಗೆ ಸ್ಲಾಟ್ ಖರ್ಚಾಗಲ್ಲ. ಟ್ರೋಲ್ ಇನ್ನೂ ಸ್ಪಷ್ಟ: 84 ಹಿಟ್ ಪಾಯಿಂಟ್, ಪ್ರತಿ ಟರ್ನ್ ಶುರುವಿಗೆ 10 ವಾಪಸ್ ಬರುತ್ತೆ, ಬೆಂಕಿ ಅಥವಾ ಆಸಿಡ್ ತಾಗಿದರೆ ಮಾತ್ರ ಆ ಸಲಕ್ಕೆ ನಿಲ್ಲುತ್ತೆ. ಇದು ಗೊತ್ತಿಲ್ಲದ ಪಾರ್ಟಿ ಕೊಂದೆವು ಅಂದುಕೊಂಡು ಬೆನ್ನು ತಿರುಗಿಸುತ್ತೆ. ಆಟಗಾರರಿಗೆ ಗೊತ್ತಿದ್ದರೂ ಪಾತ್ರಗಳಿಗೆ ಗೊತ್ತಿಲ್ಲ ಅಂತ ನಟಿಸೋ ಪೇಚು ಎಲ್ಲ ಟೇಬಲ್‌ನಲ್ಲೂ ಇರುತ್ತೆ, ಪಂಡಿತ ಇದ್ದರೆ ಅದೂ ತಪ್ಪುತ್ತೆ.

ಶಾಸನದ ವಿಷಯಕ್ಕೆ ನಿಮ್ಮ ಡಿಎಂಗೆ ಒಂದು ಮಾದರಿ ಕೊಡ್ತೀನಿ, ನಮ್ಮ ಜಿಲ್ಲೆಯದೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ, ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆಜ್ಞೆ ಹೊರಟದ್ದು ಸುವರ್ಣಗಿರಿಯ ಆರ್ಯಪುತ್ರನಿಂದ, ತಲುಪಬೇಕಾದ್ದು ಇಸಿಲದ ಮಹಾಮಾತ್ರರಿಗೆ (ಅಧಿಕಾರಿಗಳಿಗೆ). ಕೊನೇಲಿ ಬರೆದವನು ಚಪಡ ಅಂತ ಹೆಸರಿದೆ, ಅವನ ವೃತ್ತಿ ಹೇಳೋ ಕಡೇ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆಯೋ ವಾಯವ್ಯ ಗಡಿಯ ಲಿಪಿ. ಈಗ ಇದನ್ನ ಆಟಕ್ಕೆ ತನ್ನಿ. ಕಾಂಪ್ರಿಹೆಂಡ್ ಲ್ಯಾಂಗ್ವೇಜಸ್ ಹಾಕಿ ಕಲ್ಲು ಮುಟ್ಟಿದರೆ ಪುಟಕ್ಕೆ ಸುಮಾರು ಒಂದು ನಿಮಿಷದಂತೆ ಪದಗಳ ಅರ್ಥ ಸಿಗುತ್ತೆ, ಅಷ್ಟೇ. ಕಡೇ ಪದ ಯಾಕೆ ಬೇರೆ ಲಿಪಿಯಲ್ಲಿದೆ, ಇಷ್ಟು ದಕ್ಷಿಣದಲ್ಲಿ ಆ ಲಿಪಿ ಬಲ್ಲವನು ಹೇಗೆ ಬಂದ ಅನ್ನೋದನ್ನ ಸ್ಪೆಲ್ ಹೇಳಲ್ಲ. ಅದು ಹಿಸ್ಟರಿ ಬಲ್ಲವನ ಕೆಲಸ. ಒಂದೇ ಕಲ್ಲಲ್ಲಿ ಮೂರು ಎಳೆ: ಕಳಿಸಿದ ಊರು, ತಲುಪಿದ ಊರು, ಹೊರಗಿನಿಂದ ಬಂದ ಲಿಪಿಕಾರ. ಪಾರ್ಟಿ ಯಾವ ಎಳೆ ಹಿಡಿದರೂ ಕಥೆ ಸಾಗುತ್ತೆ. ಒಂದು ತೀರ್ಮಾನಕ್ಕೆ ಮೂರು ಸುಳಿವಾದರೂ ಇಡಬೇಕು, ಆಟಗಾರರು ಒಂದನ್ನ ಗಮನಿಸಲ್ಲ, ಇನ್ನೊಂದನ್ನ ತಪ್ಪು ತಿಳೀತಾರೆ, ಮೂರನೇದು ಉಳಿಯುತ್ತೆ.

ನಿಮ್ಮ ಪುಸ್ತಕದ ಡಿಟೆಕ್ಟ್ ಮ್ಯಾಜಿಕ್, ಕಾಂಪ್ರಿಹೆಂಡ್ ಲ್ಯಾಂಗ್ವೇಜಸ್ ಎರಡೂ ರಿಚುವಲ್. ವಿಜರ್ಡ್ ಇವನ್ನ ಪ್ರಿಪೇರ್ ಮಾಡೋದು ಬೇಕಿಲ್ಲ, ಪುಸ್ತಕ ಕೈಯಲ್ಲಿದ್ದು 10 ನಿಮಿಷ ಹೆಚ್ಚು ಕೊಟ್ಟರೆ ಸ್ಲಾಟ್ ಇಲ್ಲದೆ ಆಗುತ್ತೆ. ನೀವು ಆ ಜಾಗಗಳನ್ನ ಪ್ರಿಪೇರ್ ಪಟ್ಟಿಯಲ್ಲಿ ಇದಕ್ಕೇ ಕೊಟ್ಟಿದ್ದರೆ ದಿನಕ್ಕೆ ಪ್ರಿಪೇರ್ ಮಾಡಬಹುದಾದ ಆರರಲ್ಲಿ ಎರಡು ವ್ಯರ್ಥ.


ಕೆರೆದಂಡೆ, ದಾವಣಗೆರೆ

ಇಬ್ಬರಿಗೂ ಧನ್ಯವಾದ. ಹೌದು, ಎರಡೂ ಪ್ರಿಪೇರ್ ಪಟ್ಟಿಯಲ್ಲೇ ಇವೆ, ತೆಗೀತೀನಿ. ಎರಡು ಅನುಮಾನ. ಫೈಂಡ್ ಫೆಮಿಲಿಯರ್ ಅಷ್ಟು ಮುಖ್ಯ ಯಾಕೆ, ಅದು ಹೊಡೆಯೋದೇ ಇಲ್ಲವಲ್ಲ? ಆಮೇಲೆ 10 ನಿಮಿಷದ ರಿಚುವಲ್ ಅಂದ ಕೂಡಲೇ ಉಳಿದವರು ಬೇಸರ ಮಾಡ್ಕೋತಾರೆ, ಅದಕ್ಕೇನು ಮಾಡೋದು?


ದುರ್ಗದ ಡಿಎಂ, ಚಿತ್ರದುರ್ಗ

ಹೊಡೆಯಲ್ಲ, ಆದರೆ ಹೆಲ್ಪ್ ಆ್ಯಕ್ಷನ್ ಮಾಡುತ್ತೆ. ಗೂಬೆ ತಗೊಳ್ಳಿ. ಶತ್ರುವಿನ 5 ಅಡಿ ಒಳಗೆ ಹಾರಿ ಹೆಲ್ಪ್ ಮಾಡಿ ಹೊರಗೆ ಹಾರುತ್ತೆ, ಫ್ಲೈಬೈ ಇರೋದರಿಂದ ಹೊರಡುವಾಗ ಏಟು ಬೀಳಲ್ಲ. ನಿಮ್ಮ ಫೈಟರ್‌ನ ಮುಂದಿನ ಒಂದು ಏಟಿಗೆ ಅಡ್ವಾಂಟೇಜ್, ಪ್ರತಿ ರೌಂಡಲ್ಲೂ. ಪಾರ್ಟಿಯಲ್ಲಿ ರೋಗ್ (ಕಳ್ಳಹೆಜ್ಜೆಯ ಪಾತ್ರ) ಇದ್ದರೆ, ಆ ಅಡ್ವಾಂಟೇಜ್ ಅವನಿಗೆ ಸಿಕ್ಕಿ ಏಟು ತಾಗಿದರೆ ಸ್ನೀಕ್ ಅಟ್ಯಾಕ್‌ನ ಹೆಚ್ಚಿನ ಪೆಟ್ಟೂ ಸೇರುತ್ತೆ. 100 ಅಡಿ ಒಳಗಿದ್ದರೆ ಅದರ ಕಣ್ಣಿಂದ ನೋಡಬಹುದು, ಅದಕ್ಕೆ ನಿಮ್ಮ ಆ್ಯಕ್ಷನ್ ಬೇಕು, ಆ ಹೊತ್ತಲ್ಲಿ ನಿಮ್ಮ ಸ್ವಂತ ಕಣ್ಣು ಕಿವಿ ಇರಲ್ಲ, ಹಾಗಾಗಿ ಕಾವಲಿಗೆ ಒಬ್ಬರನ್ನ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಗೂಬೆಗೆ ಇರೋದು 1 ಹಿಟ್ ಪಾಯಿಂಟ್. ಸತ್ತರೆ ಮತ್ತೆ ಕರೆಯಲು 10 ನಾಣ್ಯದ ಇದ್ದಿಲು, ಧೂಪ, ಗಿಡಮೂಲಿಕೆ ಬೇಕು, ರಿಚುವಲ್ ಆಗಿ 1 ಗಂಟೆ 10 ನಿಮಿಷ. ಮೂರು ಸಲಕ್ಕಾಗೋಷ್ಟು ಸಾಮಾನು ಚೀಲದಲ್ಲಿರಲಿ.

ಬೇಸರದ ಪ್ರಶ್ನೆಗೆ: ರಿಚುವಲ್ ಅನ್ನ ಬೇರೆಯವರ ಕೆಲಸದ ಜೊತೆ ಜೋಡಿಸಿ. ಶಾರ್ಟ್ ರೆಸ್ಟ್ ಒಂದು ಗಂಟೆ, ಹೇಗೂ ಕೂತಿರ್ತಾರೆ, ರೆಸ್ಟ್ ಮುಗಿದ ಕೂಡಲೇ ಅವರು ಗಾಯ ಕಟ್ಟಿಕೊಂಡು ಸಾಮಾನು ಜೋಡಿಸುವಾಗ ನೀವು ಡಿಟೆಕ್ಟ್ ಮ್ಯಾಜಿಕ್ ಶುರುಮಾಡಿ. ರೋಗ್ ಬಾಗಿಲು ಪರೀಕ್ಷಿಸುವಾಗ ನೀವು ಶಾಸನದ ಮುಂದೆ ಕೂತಿರಿ. ಟೇಬಲ್‌ನಲ್ಲಿ ಅದು ಒಂದು ವಾಕ್ಯದ ಮಾತು. ಶಾರ್ಟ್ ರೆಸ್ಟ್ ಮುಗಿದಾಗ ದಿನಕ್ಕೊಮ್ಮೆ ಆರ್ಕೇನ್ ರಿಕವರಿ ಮರೀಬೇಡಿ, 3ನೇ ಲೆವೆಲ್‌ಗೆ ಒಟ್ಟು 2 ಲೆವೆಲ್‌ನ ಸ್ಲಾಟ್ ವಾಪಸ್: ಒಂದು ವೆಬ್ ಅಥವಾ ಎರಡು ಶೀಲ್ಡ್.


ಹಳೇದಾಳ, ಹರಿಹರ

2024ರ ನಿಯಮಕ್ಕೆ ಹೋಗೋ ಯೋಚನೆ ಇದ್ದರೆ ಸ್ಲೀಪ್ ಬಗ್ಗೆ ಮೇಲೆ ಹೇಳಿದ ಲೆಕ್ಕ ನಡೆಯಲ್ಲ. ಅಲ್ಲಿ 5ಡಿ8 ಇಲ್ಲ, ವಿಸ್ಡಮ್ ಸೇವ್ ಇದೆ, 5 ಅಡಿ ತ್ರಿಜ್ಯ, ಕಾನ್ಸಂಟ್ರೇಶನ್ ಕೂಡ ಬೇಕು. ಟೇಬಲ್‌ನಲ್ಲಿ ಒಬ್ಬರ ಹತ್ರ ಹಳೇ ಪುಸ್ತಕ, ಇನ್ನೊಬ್ಬರ ಹತ್ರ ಹೊಸದು ಇದ್ದರೆ ಜಗಳ ಹತ್ತೋದು ಇಲ್ಲೇ. ಪುಸ್ತಕ ಕೊಳ್ಳಲಾಗದವರಿಗೆ 2014ರ ನಿಯಮದ ತಿರುಳು ಎಸ್‌ಆರ್‌ಡಿ 5.1 ಹೆಸರಲ್ಲಿ ಪುಕ್ಕಟೆ ಸಿಗುತ್ತೆ, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ. ಅದರಲ್ಲಿರೋ ಸ್ಪೆಲ್ ವಿವರಣೆಯನ್ನ ನೀವೇ ಕನ್ನಡಕ್ಕೆ ಮಾಡಿ ಟೇಬಲ್‌ಗೆ ಹಂಚಬಹುದು, ಮೂಲ ಯಾವುದು ಅಂತ ಹೇಳಿದರೆ ಸಾಕು.

ಇನ್ನೊಂದು ಮಾತು. ದುರ್ಬಲ ಪಂಡಿತನನ್ನೇ ನಡುವೆ ಇಟ್ಟು ಕಟ್ಟಿದ ಆಟಗಳೂ ಇವೆ. 1987ರ ಆರ್ಸ್ ಮ್ಯಾಜಿಕಾದಲ್ಲಿ ಪ್ರತಿ ಆಟಗಾರನಿಗೂ ಒಬ್ಬ ಮಾಂತ್ರಿಕ, ಒಬ್ಬ ಸಂಗಾತಿ, ಜೊತೆಗೆ ಎಲ್ಲರಿಗೂ ಸೇರಿದ ಕಾವಲು ಆಳುಗಳು ಇರ್ತಾರೆ. ಮಾಂತ್ರಿಕ ಮನೆಯಲ್ಲಿ ಓದ್ತಾ ಕೂತ ದಿನ ನೀವು ಆಳನ್ನ ಆಡಿಸ್ತೀರಿ. ಭಯದ ತನಿಖೆಯ ಆಟ ಕಾಲ್ ಆಫ್ ಕ್ಥುಲ್ಹು 7ನೇ ಆವೃತ್ತಿಯಲ್ಲಂತೂ ಪ್ರೊಫೆಸರ್ ಸಹಜ ನಾಯಕ. ಹಿಟ್ ಪಾಯಿಂಟ್ ಅಂದರೆ ಸೈಜ್ ಮತ್ತು ಕಾನ್ಸ್ಟಿಟ್ಯೂಶನ್ ಕೂಡಿಸಿ 10ರಿಂದ ಭಾಗಿಸಿದ್ದು, ಪೈಲ್ವಾನನಿಗೂ ಗುಮಾಸ್ತನಿಗೂ ಅಂತರ ಕೆಲವೇ ಪಾಯಿಂಟ್. ಅಲ್ಲಿ ಪ್ರೊಫೆಸರ್‌ಗೆ ಎಜುಕೇಶನ್‌ನ 4 ಪಟ್ಟು ಪಾಯಿಂಟ್ ವಿದ್ಯೆಗಳಿಗೆ ಹಂಚಲು ಸಿಗುತ್ತೆ. ಲೈಬ್ರರಿ ಯೂಸ್ 20ರಿಂದ ಶುರು, ಅದನ್ನ 60 ದಾಟಿಸಿ. ಆಮೇಲೆ ವೈಯಕ್ತಿಕ ಆಸಕ್ತಿಯ ಪಾಯಿಂಟ್‌ನಲ್ಲಿ ಸ್ಪಾಟ್ ಹಿಡನ್ 25ರಿಂದ 50ಕ್ಕೆ, ಡಾಡ್ಜ್ ಸ್ವಲ್ಪ. ಪಿಸ್ತೂಲಿಗೆ ಹಾಕಬೇಡಿ. ಒಬ್ಬನ ಮೇಲೆ ಇಬ್ಬರು ಮೂವರು ಬಿದ್ದರೆ, ಅವನು ಆ ರೌಂಡಲ್ಲಿ ಒಮ್ಮೆ ತಪ್ಪಿಸಿಕೊಂಡ ಅಥವಾ ತಿರುಗಿ ಹೊಡೆದ ಮೇಲೆ ಉಳಿದವರ ಏಟಿಗೆ ಬೋನಸ್ ಡೈ (ತಾಗೋ ಸಾಧ್ಯತೆ ಹೆಚ್ಚಿಸೋ ಇನ್ನೊಂದು ದಾಳ) ಬರುತ್ತೆ. ಹಾಗಾಗಿ ಗುಂಪು ಕಂಡರೆ ಮೊದಲ ರೌಂಡಲ್ಲೇ ಓಡಬೇಕು, ಒಂದು ಏಟು ಕೊಟ್ಟು ನೋಡೋಣ ಅಂತ ನಿಂತವರು ಉಳಿಯಲ್ಲ.


ಓಲೆಗರಿ, ಚಳ್ಳಕೆರೆ

ಕೆರೆದಂಡೆಯವರೇ, ನಿಮ್ಮ ಮುಂದಿನ ಆಟಕ್ಕೆ ಆರರ ಪಟ್ಟಿ ಹೀಗಿರಲಿ: ಮೇಜ್ ಆರ್ಮರ್, ಶೀಲ್ಡ್, ಸ್ಲೀಪ್, ಮ್ಯಾಜಿಕ್ ಮಿಸೈಲ್, ವೆಬ್, ಶ್ಯಾಟರ್. ನಕಲು ಇನ್ನೂ ಆಗಿಲ್ಲದಿದ್ದರೆ ಈಗಿರೋದರಲ್ಲೇ ಶೀಲ್ಡ್, ಮ್ಯಾಜಿಕ್ ಮಿಸೈಲ್, ಶ್ಯಾಟರ್, ಸ್ಕಾರ್ಚಿಂಗ್ ರೇ, ಕ್ರೊಮ್ಯಾಟಿಕ್ ಆರ್ಬ್ ಇಟ್ಟುಕೊಂಡು ದೂರದಿಂದ ಆಡಿ. ಆರನೇದಕ್ಕೆ ಥಂಡರ್‌ವೇವ್, ಪಕ್ಕಕ್ಕೆ ಬಂದವನನ್ನ 10 ಅಡಿ ತಳ್ಳೋಕೆ ಮಾತ್ರ. ಅದರ ಸದ್ದು 300 ಅಡಿ ಕೇಳಿಸುತ್ತೆ, ಕೋಟೆಯೊಳಗೆ ಕಳ್ಳಹೆಜ್ಜೆಯಲ್ಲಿ ಹೋಗೋ ದಿನ ಅದನ್ನ ಮುಟ್ಟಬೇಡಿ. ಶ್ಯಾಟರ್‌ನ ಸದ್ದೂ ಜೋರೇ.

ಬೆಳಗ್ಗೆ ಮೇಜ್ ಆರ್ಮರ್‌ಗೆ ಒಂದು ಹೋದರೆ 1ನೇ ಲೆವೆಲ್ ಸ್ಲಾಟ್ ಮೂರು, 2ನೇ ಲೆವೆಲ್‌ದು ಎರಡು ಉಳೀತವೆ. ಮೂರರಲ್ಲಿ ಒಂದನ್ನ ಶೀಲ್ಡ್‌ಗೆ ಅಂತ ಎತ್ತಿಟ್ಟು ಮರೆತುಬಿಡಿ. ನಾಲ್ಕು ಸ್ಲಾಟ್‌ನಲ್ಲಿ ದಿನ ತಳ್ಳಬೇಕು, ಹೊಡೆದಾಟಕ್ಕೆ ಒಂದು ಸ್ಪೆಲ್ ಲೆಕ್ಕ. ಉಳಿದ ಟರ್ನ್‌ಗಳಲ್ಲಿ ಕಂಬದ ಹಿಂದಿನಿಂದ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಚಿಕ್ಕ ಸ್ಪೆಲ್) ಹಾಕಿ, ಗೂಬೆ ಬಂದ ಮೇಲೆ ಗೂಬೆಯ ಟರ್ನ್ ಕೂಡ ನಿಮ್ಮದೇ.